ನೀರು ಹುಯ್ಯೋಕೆ ಬಂದವನು

ನನ್ನ ಬೆರಳಲ್ಲಿ ಗೆರೆಗಳಿಲ್ಲ. ಆರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕರಣೆ ಹಿಡಿದವನು ನಾನು. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಲೆ ಸಿಮೆಂಟು ಇದ್ದಬದ್ದ ಗೆರೆಯನ್ನೆಲ್ಲ ತಿಂದುಹಾಕಿದೆ. ಮೈಸೂರಿನ ರೇಷನ್ ಅಂಗಡಿಯ ಮಿಷನ್ನೇ ನನ್ನ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಇನ್ನು ಟೋಕಿಯೋ ವಿಮಾನ ನಿಲ್ದಾಣದ ಮಿಷನ್ ಎಲ್ಲಿ ಒಪ್ಪೀತು?

ನಾನು ಜಪಾನಿಗೆ ಬಂದದ್ದು ಮಗಳ ಬಾಣಂತನಕ್ಕೆ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೀಗಿತ್ತಿಗೆ ಮಂಡಿ ಆಪರೇಷನ್. "ಅಮ್ಮ ಇದ್ದಿದ್ರೆ ಬರ್ತಿದ್ಲು" ಅಂತ ಮಗಳು ಫೋನಿನಲ್ಲಿ ಅಂದಳು, ಅಷ್ಟೇ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ನಮ್ಮ ಅಕ್ಕ ನಕ್ಕಳು. "ಗಂಡಸು ಬಾಣಂತನ ಮಾಡೋದನ್ನ ಎಲ್ಲಾದ್ರೂ ಕೇಳಿದೀಯೇನೋ? ನಾಚಿಕೆ ಆಗಲ್ವಾ?"

"ಮಗಳು ಹುಟ್ಟಿದಾಗ ಅವಳಮ್ಮನಿಗೆ ಜ್ವರ. ಇಪ್ಪತ್ತು ದಿನ ನೀರು ಹುಯ್ದಿದ್ದು ನಾನು. ಆಗ ನೀನೆಲ್ಲಿದ್ದೆ?" ಅಂದೆ.

ಮಗಳು ಅಳಿಯ ಇರುವುದು ಟೋಕಿಯೋದ ಕೋಟೋ ಬಡಾವಣೆಯಲ್ಲಿ, ಹತ್ತೊಂಬತ್ತನೇ ಮಹಡಿಯ ಫ್ಲ್ಯಾಟು. ಬಚ್ಚಲು ನಮ್ಮೂರಿನ ಬೀರು ಇದ್ದ ಹಾಗೆ. ಕಾಲು ಚಾಚಿ ಕೂತರೆ ಪಾದ ಬಾಗಿಲಾಚೆ. ಆದರೂ ಕೂತೆ. ಮೊಮ್ಮಗಳನ್ನು ಎರಡೂ ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ದು, ಮೂಗು ನೀವಿ, ಬಟ್ಟೆ ಸುತ್ತಿ ಮಲಗಿಸಿದರೆ ನಾಲ್ಕು ಗಂಟೆ ಅಲ್ಲಾಡುತ್ತಿರಲಿಲ್ಲ. ಸಾಂಬ್ರಾಣಿ ಹಾಕಿದ ದಿನ ಮಾತ್ರ ಛಾವಣಿಯಲ್ಲಿದ್ದ ಹೊಗೆಯ ಗಂಟೆ ಬಡಕೊಂಡಿತು. ಅಳಿಯ ಮನೆಮನೆ ಬಾಗಿಲಿಗೆ ಹೋಗಿ ಸುಮಿಮಾಸೆನ್, ತಪ್ಪಾಯ್ತು ಅಂತ ಹೇಳಿ ಬಂದ.

ನನ್ನ ವೀಸಾದಲ್ಲಿ ಎಷ್ಟು ಸಲ ಬೇಕಾದರೂ ಬಂದುಹೋಗಬಹುದಿತ್ತು, ಆದರೆ ಒಂದು ಸಲಕ್ಕೆ ತೊಂಬತ್ತೇ ದಿನ. ಮಗಳ ಹೊಟ್ಟೆ ಕುಯ್ದ ಗಾಯ ಇನ್ನೂ ಎಳೆಯುತ್ತಿತ್ತು, ಬಗ್ಗುವ ಹಾಗಿರಲಿಲ್ಲ. ಅಳಿಯನಿಗೆ ರಜ ಮುಗಿದಿತ್ತು. ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಗಲು ಇನ್ನೂ ಎರಡು ತಿಂಗಳಿತ್ತು. ದಿನ ಮುಗಿಯುತ್ತಾ ಬಂದಾಗ ಅಳಿಯ ದಾರಿ ಹೇಳಿದ.

"ಮಾವ, ಬ್ಯಾಂಕಾಕ್‌ಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಅಲ್ಲಿ ನಮ್ಮವರಿಗೆ ವೀಸಾ ಬೇಡ. ವಾಪಸ್ ಬಂದ್ರೆ ಇಲ್ಲಿ ಹೊಸ ತೊಂಬತ್ತು ದಿನ ಕೊಡಬಹುದು. ಫಾರಿನರ್ಸ್ ಎಲ್ಲ ಮಾಡ್ತಾರೆ. ಕೇಳಿದ್ರೆ ಸೈಟ್‌ಸೀಯಿಂಗ್ ಅನ್ನಿ, ಅಷ್ಟೇ." ನೋಡುವ ಜಾಗಗಳ ಪಟ್ಟಿಯೊಂದನ್ನು ಚೀಟಿಯಲ್ಲಿ ಬರೆದೂ ಕೊಟ್ಟ.

"ಅಳಿಯಂದ್ರೇ, ಮೂರು ತಿಂಗಳಲ್ಲಿ ನಾನು ನೋಡಿದ್ದು ನಿಮ್ಮ ಬಚ್ಚಲು, ಕೆಳಗಿನ ಕೊಂಬಿನಿ ಅಂಗಡಿ, ಎರಡೇ" ಅಂದೆ. ಚೀಟಿ ಮಾತ್ರ ಜೇಬಿಗಿಟ್ಟುಕೊಂಡೆ.

ಬ್ಯಾಂಕಾಕಿನಲ್ಲಿ ನಾಲ್ಕು ದಿನ ರೂಮಿನ ಫ್ಯಾನ್ ನೋಡುತ್ತಾ ಕೂತೆ. ಕೆಲಸವಿಲ್ಲದೆ ಅಷ್ಟು ಹೊತ್ತು ಕೂತದ್ದು ಜೀವನದಲ್ಲಿ ಅದೇ ಮೊದಲು. ವಾಪಸ್ ಬರುವ ವಿಮಾನದಲ್ಲಿ ಪಕ್ಕದ ಸೀಟಿಗೆ ಒಬ್ಬ ಬಿಳಿ ಹುಡುಗ. ಅವನಿಗೆ ಜಪಾನಿಗೂ ವೀಸಾ ಬೇಡವಂತೆ, ಹೀಗೆ ಆಚೆ ಹೋಗಿ ಒಳಗೆ ಬರುವುದು ಇದು ಮೂರನೇ ಸಲವಂತೆ. ಕ್ಯೂನಲ್ಲಿ ನನಗಿಂತ ಮುಂದಿದ್ದ. ಲ್ಯಾಪ್‌ಟಾಪ್ ಒತ್ತುವ ಬೆರಳು, ಮಿಷನ್ ತಕ್ಷಣ ಒಪ್ಪಿತು. ಒಂದೆರಡು ಪ್ರಶ್ನೆ ಕೇಳಿ ಬಿಟ್ಟರು.

ನನ್ನ ಬೆರಳನ್ನು ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರು, ಒತ್ತಿದರು, ಮತ್ತೆ ಒರೆಸಿದರು. ಪಾಸ್‌ಪೋರ್ಟ್ ತಿರುವಿ ಹೋದ ತಾರೀಖು, ಬಂದ ತಾರೀಖು ನೋಡಿದರು. ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿ ತಲೆ ನರೆತ ಒಬ್ಬ ಅಧಿಕಾರಿ. ಮೇಜಿನ ಮೇಲಿನ ಫೋನಿನಲ್ಲಿ ಹಿಂದಿ ಬಲ್ಲ ಹೆಂಗಸೊಬ್ಬಳು, ಅವನ ಮಾತನ್ನು ನನಗೆ ತಿರುಗಿಸಿ ಹೇಳಲು. ಬಿಹಾರದ ಆಳುಗಳ ಜೊತೆ ದುಡಿದು ಕಲಿತ ಹಿಂದಿ ನನ್ನದು, ಸಾಕಾಯಿತು.

"ಈ ಕೈ ಏನು ಕೆಲಸ ಮಾಡುತ್ತೆ ಅಂತ ಕೇಳ್ತಿದಾರೆ."

"ಗಾರೆ ಕೆಲಸ. ಮೈಸೂರಲ್ಲಿ."

"ಇಲ್ಲೂ ಕಟ್ಟಡದ ಕೆಲಸಕ್ಕೆ ಹೋಗ್ತಿದೀರಾ? ಮೂರು ತಿಂಗಳು ಇದ್ದು, ನಾಲ್ಕೇ ದಿನಕ್ಕೆ ವಾಪಸ್ ಯಾಕೆ? ಇಲ್ಲೇನು ಮಾಡ್ತೀರ?"

ಜೇಬಿನಲ್ಲಿ ಚೀಟಿ ಇತ್ತು. ಸೈಟ್‌ಸೀಯಿಂಗ್ ಅಂದಿದ್ದರೆ ಆಗುತ್ತಿತ್ತೋ ಏನೋ. ನಾಲಿಗೆ ಹೊರಳಲಿಲ್ಲ. ಊರು ನೋಡಲು ಬಂದ ಸೋಮಾರಿ ಅಂತ ನಾನೇ ಹೇಳಿಕೊಳ್ಳಲೇ?

"ಮೊಮ್ಮಗೂಗೆ ನೀರು ಹುಯ್ಯೋಕೆ ಬಂದಿದೀನಿ."

ಆಕೆ ಹೇಳಿದಳು. ಅಧಿಕಾರಿ ನನ್ನ ಕೈ ನೋಡಿದ, ಮುಖ ನೋಡಿದ. "ಈ ಕೈಯಲ್ಲಿ ಮಗುವಿಗೆ ಸ್ನಾನ ಮಾಡಿಸ್ತೀರಾ ಅಂತ ಕೇಳ್ತಿದಾರೆ."

ವಾಪಸ್ ಕಳಿಸಿದರೆ ಮಗಳೇ ಬಗ್ಗಬೇಕು. ಅದೊಂದೇ ತಲೆಯಲ್ಲಿತ್ತು. ಎದ್ದು ಕೋಟು ಬಿಚ್ಚಿ, ಕೂಸಿನ ಉದ್ದಕ್ಕೆ ಸುತ್ತಿದೆ. ಶೂ ಕಳಚಿ, ಆ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು, ಕೋಟನ್ನು ಕಾಲಿನ ಮೇಲೆ ಮಲಗಿಸಿಕೊಂಡೆ. ಎಣ್ಣೆ ತಿಕ್ಕಿದೆ. ಹಣೆಗೆ ಕೈ ಅಡ್ಡ ಕೊಟ್ಟು ನೀರು ಹುಯ್ದೆ. ಬೋರಲು ಹಾಕಿ ಬೆನ್ನಿಗೆ ಹುಯ್ದೆ. ಅವಸರ ಮಾಡಲಿಲ್ಲ. ಮನೆಯಲ್ಲಿ ಎಷ್ಟು ಹೊತ್ತೋ ಅಷ್ಟೇ ಹೊತ್ತು. ಫೋನಿನಲ್ಲಿದ್ದವಳಿಗೆ ಏನೂ ಕಾಣುತ್ತಿರಲಿಲ್ಲ. "ಏನಾಗ್ತಿದೆ ಅಲ್ಲಿ?" ಅಂತ ಎರಡು ಸಲ ಕೇಳಿದಳು.

ಅಧಿಕಾರಿ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದ. ಕೊನೆಗೆ ಏನೋ ಅಂದ.

"ಹಣೆಗೆ ಕೈ ಯಾಕೆ ಅಂತ ಕೇಳ್ತಿದಾರೆ."

"ಮೂಗಿಗೆ ನೀರು ಹೋಗಬಾರದಲ್ಲ ತಾಯಿ. ಅವರು ಮಕ್ಕಳನ್ನ ಸಾಕಿಲ್ವಾ?"

ಅವಳು ಅದನ್ನೂ ಹೇಳಿದಳು ಅಂತ ಕಾಣುತ್ತೆ. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಮಗಳಿಗೆ ಫೋನ್ ಹಚ್ಚಿ ಜಪಾನಿಯಲ್ಲಿ ಕೇಳಿದ. ಅವಳ ಉತ್ತರಕ್ಕಿಂತ ಜೋರಾಗಿ ಕೇಳಿಸಿದ್ದು ಮಗುವಿನ ಅಳು. ಅಧಿಕಾರಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ.

ತೊಂಬತ್ತು ದಿನ ಕೊಟ್ಟ. ಕೊಡುವಾಗ ಹೇಳಿದ: ಮತ್ತೆ ಹೀಗೆ ಆಚೆ ಹೋಗಿ ಒಳಗೆ ಬಂದರೆ ಬಿಡುವುದಿಲ್ಲ.

"ಮಗು ಶಿಶುವಿಹಾರಕ್ಕೆ ಸೇರಲಿ. ಆಮೇಲೆ ಇವರೇ ಇರಿ ಅಂತ ಕೈ ಮುಗಿದರೂ ನಾನಿರಲ್ಲ" ಅಂದೆ.

ಫೋನಿನಿಂದ ಆಕೆಯ ದನಿ ಬಂತು: "ಅದನ್ನೂ ಹೇಳ್ಲಾ ಅಂಕಲ್?"

"ಹೇಳಮ್ಮ."

ಮನೆಗೆ ಹೋಗಿ ಊಟ ಕೂಡ ಮಾಡಲಿಲ್ಲ. ಪ್ಯಾಂಟು ಮಡಿಚಿ ಬಚ್ಚಲಲ್ಲಿ ಕೂತೆ. ನಾಲ್ಕು ದಿನದಿಂದ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡ ಕೂಸು, ಬಿಸಿನೀರು ಬೀಳುತ್ತಲೇ ಕಾಲಾಡಿಸಿ ನನ್ನ ಅಂಗಿಯನ್ನೆಲ್ಲ ತೋಯಿಸಿತು. ಅಳಿಯ ಬಾಗಿಲಲ್ಲಿ ನಿಂತು, "ಮಾವ, ಚೀಟಿ ಉಪಯೋಗಕ್ಕೆ ಬಂತಾ?" ಅಂದ. ಅದು ಜೇಬಿನಲ್ಲೇ ನೆನೆಯುತ್ತಿತ್ತು. ಇನ್ನೊಂದು ಚೊಂಬು ಬಿಸಿನೀರು ಕೊಡಿ ಅಂದೆ.