ಸರ್ಕಾರ ಕೊಟ್ಟ ಸಂಚಕಾರ

ನಮ್ಮ ಕಡೆ ಹೊಲ, ಮನೆ ಕೊಳ್ಳುವವರು ಮೊದಲು ಕೊಡುವ ಮುಂಗಡಕ್ಕೆ ಸಂಚಕಾರ ಎನ್ನುತ್ತಾರೆ. ಅದು ಕೈ ಬದಲಾದರೆ ಮಾತು ಗಟ್ಟಿಯಾದಂತೆ. ಜೀವಕ್ಕೆ ಬರುವ ಗಂಡಾಂತರಕ್ಕೂ ಅದೇ ಹೆಸರು. ಮ್ಯಾಟ್ರಿಕ್ ಓದುವಾಗ ನಾನು ಇದನ್ನು ಯೋಚಿಸಿರಲಿಲ್ಲ. ಈಗ ಮುದುಕನಾದ ಮೇಲೆ ಯೋಚಿಸುತ್ತೇನೆ.

ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗಿದ್ದ ನಮ್ಮೂರಿನ ಪಂಚಾಯ್ತಿಗೆ ನಾನು ಚೇರ್ಮನ್ ಆಗಿದ್ದೆ. ಹೊಳೆ ಹರಿದು ಹೋಗುವ ದಿಕ್ಕಿನಲ್ಲಿ, ನಮ್ಮಿಂದ ಕೆಳಗೆ, ಆಣೆಕಟ್ಟು ಏರುತ್ತಿತ್ತು. ಊರು ಮುಳುಗುತ್ತದೆ ಎಂದು ಕೆಲವರು, ನೀರು ಇಲ್ಲಿಯತನಕ ಬರುವುದಿಲ್ಲ ಎಂದು ಕೆಲವರು. ಇಂಥ ಹೊತ್ತಿನಲ್ಲಿ ನಮಗೊಂದು ಸಮುದಾಯ ಭವನ ಮಂಜೂರಾಯಿತು.

ಬೀಳಗಿಗೆ ಹೋಗಿ ಓವರ್ಸಿಯರ್ ಸಾಹೇಬರನ್ನು ಕೇಳಿದೆ. "ಮುಳುಗೂ ಊರಿಗೆ ಭವನ ಯಾಕ್ರಿ ಸಾಹೇಬ್ರ?"

ಅವರು ಚಹಾ ಬಸಿಗೆ ಸುರಿದುಕೊಂಡರು. "ಮುಳಗತೈತಿ, ಖರೆ. ಆದ್ರ ಮುಳುಗಸೂದು ಬ್ಯಾರೆ ಇಲಾಖೆದವ್ರ ಕೆಲಸರಿ. ನಮ್ಮದು ಕಟ್ಟೂದಷ್ಟ. ಮಾರ್ಚ್ ಒಳಗ ಖರ್ಚು ಆಗಲಿಲ್ಲಂದ್ರ ರೊಕ್ಕ ವಾಪಸ್ ಹೋಗತೈತಿ."

ಇಬ್ಬರೂ ನಕ್ಕೆವು. ಅಡಿಗಲ್ಲಿನಲ್ಲಿ ಚೇರ್ಮನ್ನನ ಹೆಸರೂ ಕೆತ್ತಿಸುತ್ತಾರೆಂದು ಕೇಳಿ ತಿಳಿದುಕೊಂಡು ಬಸ್ಸು ಹತ್ತಿದೆ.

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿಸಿದೆ. ನಮ್ಮ ಓಣಿಯಲ್ಲಿ ಕುರಿ ಸಾಕಿಕೊಂಡಿದ್ದ ಹಿರಿಯರೊಬ್ಬರು ಎದ್ದು ನಿಂತರು. ಹಣೆಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿಕೊಳ್ಳದೆ ಮನೆ ಬಿಡದವರು. ಸಣ್ಣವನಿದ್ದಾಗಿನಿಂದ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರ ಹಿಂದಿನ ಎತ್ತರದ ಮಡ್ಡಿಯಲ್ಲಿ ಮನೆಗೂ ಕುರಿದೊಡ್ಡಿಗೂ ಸಾಲುವಷ್ಟು ಜಾಗಕ್ಕೆ ಅವರು ಆಗಲೇ ಸಂಚಕಾರ ಕೊಟ್ಟಿದ್ದರು.

"ಲೇ ತಮ್ಮಾ, ಭವನದಾಗ ಯಾರು ಕುಂಡರಾವ್ರು, ಮೀನಾ?" ಎಂದರು. "ಮಡ್ಡಿ ಮ್ಯಾಲ ಹನಿ ನೀರಿಲ್ಲ. ಆ ರೊಕ್ಕದಾಗ ಅಲ್ಲಿ ಬೋರ್ ಹೊಡಸು. ನಾಳೆ ಎಲ್ಲಾರೂ ಅಲ್ಲೇ ಹೋಗಾವ್ರು."

"ಕಾಕಾಗ ತನ್ನ ಕುರೀದ ಚಿಂತಿ" ಎಂದು ಹಿಂದಿನಿಂದ ಒಬ್ಬ ಕೂಗಿದ. ಜನ ನಕ್ಕರು.

ಭವನದ ರೊಕ್ಕವನ್ನು ಬೋರಿಗೆ ತಿರುಗಿಸಿ ಕೊಡಿ ಎಂದು ನಾನು ಒಂದು ಅರ್ಜಿಯನ್ನಾದರೂ ಹಾಕಬಹುದಿತ್ತು. ಬದಲಿಗೆ ಹೀಗೆಂದೆ: "ಕಾಕಾ, ಯಾವ ಶಾಣ್ಯಾ ತನ್ನ ರೊಕ್ಕ ತಾನ ಹೊಳಿಗೆ ಚೆಲ್ಲತಾನ? ಸರ್ಕಾರ ಇಲ್ಲಿ ಭವನ ಕಟ್ಟತೈತಿ ಅಂದ್ರ ಊರ ಉಳಸತೈತಿ ಅಂತನ ಅರ್ಥ. ಇದು ಸರ್ಕಾರ ನಮಗ ಕೊಟ್ಟ ಸಂಚಕಾರ."

ಆ ಮಾತು ಜನಕ್ಕೆ ಹಿಡಿಸಿತು. ನಾಲ್ಕು ಮಂದಿ ಕೂಡಿದಲ್ಲೆಲ್ಲ ಅದೇ ಮಾತಾಯಿತು. ಕಾಕಾ ಮಾತ್ರ, "ಸಂಚಕಾರ ಕೊಟ್ಟಾವ ಮಾತು ತಪ್ಪಿದ್ರ ಅವನ ಮನಿ ಮುಂದ ಹೋಗಿ ಕುಂಡರಬಹುದು. ಸರ್ಕಾರದ ಮನಿ ಎಲ್ಲೈತೋ ತಮ್ಮಾ?" ಎಂದರು. ಆದರೂ ನಂಬಿದರು. ಕಲಿತವನು ಹೇಳುತ್ತಾನೆ ಎಂದು ನಂಬಿದರು. ಮಡ್ಡಿಯ ಜಾಗ ಬಿಟ್ಟುಕೊಟ್ಟು ಹಳೆಯ ದೊಡ್ಡಿಗೆ ಹೊಸ ಕಲ್ಲಿನ ಗೋಡೆ ಕಟ್ಟಿಸಿದರು.

ಆ ವೇಳೆಗೆ ನಾನು ಜಮಖಂಡಿಯಲ್ಲಿ ಒಂದು ಮನೆಗೆ ಸಂಚಕಾರ ಕೊಟ್ಟಿದ್ದೆ. ಇದು ನನ್ನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಭವನ ಎದ್ದಿತು. ಸುಣ್ಣದ ಹಸಿ ಆರುವ ಮೊದಲೇ ಸರ್ವೇದವರು ಬಂದು ಮುಳುಗುವ ಮನೆಗಳ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತ ನಡೆದರು. ಭವನದ ಗೋಡೆಗೂ ಬರೆದರು, ನನ್ನ ಹೆಸರಿನ ಕಲ್ಲಿನ ಪಕ್ಕದಲ್ಲೇ. ಆ ದಿನ ಕಾಕಾ ಅಲ್ಲಿ ನಿಂತು ನೋಡಿದರು. ಸೀದಾ ಮಡ್ಡಿಗೆ ಹೋಗಿ ವಿಚಾರಿಸಿದರೆ, ಅವರು ಬಿಟ್ಟ ಜಾಗ ಬೇರೆಯವರ ಪಾಲಾಗಿತ್ತು. ಉಳಿದ ಜಾಗದ ದರ ಅವರ ಕೈಗೆ ಎಟುಕುವಂತಿರಲಿಲ್ಲ.

ಹೊಳೆ ಏರಿದರೆ ಇಳಿಯುತ್ತದೆ ಎಂಬುದಷ್ಟೇ ನಮಗೆ ತಿಳಿದಿತ್ತು. ಈ ನೀರು ಸದ್ದಿಲ್ಲದೆ ಬಂದಿತು, ಬಂದದ್ದು ನಿಂತಿತು. ಮೊದಲು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟ ಜೋಳ ಒದ್ದೆಯಾಯಿತು. ಆಮೇಲೆ ದೊಡ್ಡಿಯ ನೆಲ ಜಿನುಗತೊಡಗಿತು. ಕುರಿಗಳು ಒಳಗೆ ಹೋಗಲು ಒಲ್ಲದೆ ಬಾಗಿಲಲ್ಲೇ ಒತ್ತಿಕೊಂಡು ನಿಲ್ಲುತ್ತಿದ್ದವು.

ನಾನು ಜಮಖಂಡಿಗೆ ಬಂದೆ. ಕಾಕಾನಿಗೆ ಪುನರ್ವಸತಿ ಕೇಂದ್ರದಲ್ಲಿ ತಗಡಿನ ಶೆಡ್ಡು ಸಿಕ್ಕಿತು. ಅಲ್ಲಿ ನೀರಿರಲಿಲ್ಲ, ಟ್ಯಾಂಕರ್ ಬಂದರೆ ಉಂಟು. ಮನುಷ್ಯರಿಗೇ ಸಾಲದ ನೀರು ಕುರಿಗಳಿಗೆಲ್ಲಿಂದ ಬರಬೇಕು? ಹಿಂಡನ್ನೆಲ್ಲ ಮುಧೋಳದ ಸಂತೆಯಲ್ಲಿ ಮಾರಿದರು.

ಒಂದು ಬೇಸಿಗೆ, ಎಲ್ಲವನ್ನೂ ಹೇಳಿಬಿಡಬೇಕೆಂದು ಅವರಲ್ಲಿಗೆ ಹೋದೆ. ಶೆಡ್ಡಿನ ನೆರಳಲ್ಲಿ ಖಾಲಿ ಕೈಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಯಾವತ್ತೂ ಹಾಗೆ ಎದ್ದವರಲ್ಲ. ಕೊಡದ ತಳದಲ್ಲಿದ್ದ ನೀರನ್ನು ಬಗ್ಗಿಸಿ ತಂಬಿಗೆಗೆ ಹಾಕಿ ನನ್ನ ಮುಂದೆ ಇಟ್ಟರು.

"ನೀರು ಕುಡೀರಿ ಚೇರ್ಮನ್ರ" ಎಂದರು.

ಲೇ ಎನ್ನಲಿಲ್ಲ, ತಮ್ಮಾ ಎನ್ನಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡು ಮಾತು ಎಲ್ಲಿಂದ ಶುರುಮಾಡಲಿ ಎಂದು ಹುಡುಕುತ್ತಿದ್ದೆ. ಅವರೇ ಕೇಳಿದರು:

"ಜಮಖಂಡ್ಯಾಗ ಮನಿ ಛಲೋ ಐತೇನ್ರಿ? ಭಾಳ ಮೊದಲ ಸಂಚಕಾರ ಕೊಟ್ಟಿದ್ರಂತಲ್ರಿ."

ಆ ನೀರನ್ನು ನಾನು ಕುಡಿದೆ. ಹೇಳಲು ಹೋದದ್ದನ್ನು ಹೇಳದೆ ಎದ್ದು ಬಂದೆ.