ಉಗುರುಬಣ್ಣದ ಗೆರೆ

ಅವರ ಎಡಗೈ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಬಣ್ಣವಿರುತ್ತಿತ್ತು. ಒಂದು ವಾರ ಕೆಂಪು, ಇನ್ನೊಂದು ವಾರ ನೇರಳೆ, ಮತ್ತೊಂದು ವಾರ ಮದುಮಗಳ ಕೈಗೆ ಒಪ್ಪುವಂಥ ಬಂಗಾರದ ಬಣ್ಣ. ಉಳಿದ ಒಂಬತ್ತು ಉಗುರುಗಳು ಗ್ರೀಸು ತುಂಬಿ ಕಪ್ಪಗಾಗಿದ್ದವು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ದಪ್ಪ ಮೀಸೆ, ಅರವತ್ತರ ಹತ್ತಿರದ ವಯಸ್ಸು. ಅಂಥವರ ಕೈಯಲ್ಲಿ ಈ ಉಗುರು! ಮೊದಲ ಸಲ ನೋಡಿದಾಗ ನನಗೆ ನಗು ಬರಲಿಲ್ಲ, ಸಂಶಯ ಬಂತು. ಈ ಮನುಷ್ಯನ ತಲೆ ನೆಟ್ಟಗಿಲ್ಲ, ಗಾಡಿ ಇಲ್ಲಿ ಬಿಡಬಾರದು ಅಂದುಕೊಂಡೆ.

ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನ ಹಿಂದೆ, ಲಾರಿಗಳು ನಿಲ್ಲುವ ಕಡೆ ಅವರ ತಗಡಿನ ಗ್ಯಾರೇಜು. ಎಲ್ಲರೂ ಮಿಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನಾನು ಔರಾದ ಕಡೆಯವನು. ಮಳೆ ಕೈಕೊಟ್ಟ ಎರಡನೆಯ ವರ್ಷ ಹೈದರಾಬಾದಿನ ಶೋಕಿಯ ಮನುಷ್ಯನೊಬ್ಬನಿಂದ ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪು ಕೊಂಡಿದ್ದೆ. ಅವನು ಚಂದಕ್ಕೆಂದು ಉದ್ದದ ಸ್ಪ್ರಿಂಗು ಹಾಕಿಸಿ ಗಾಡಿಯನ್ನು ಗೇಣುದ್ದ ಎತ್ತರಿಸಿದ್ದ. ನನಗೆ ಆ ಎತ್ತರ ಅನ್ನ ಕೊಟ್ಟಿತು. ತಾಂಡಾಗಳ ಕಲ್ಲುದಾರಿಯಲ್ಲಿ ಬೇರೆ ಗಾಡಿಗಳ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು, ನನ್ನದು ಆರಾಮಾಗಿ ಹೋಗುತ್ತಿತ್ತು. ಊರು ಬಿಟ್ಟು ಪುಣೆಗೋ ಹೈದರಾಬಾದಿಗೋ ದುಡಿಯಲು ಹೊರಟವರನ್ನು ಗಂಟುಮೂಟೆ ಸಮೇತ ಭಾಲ್ಕಿ ಸ್ಟೇಷನ್ನಿಗೆ ಮುಟ್ಟಿಸುವುದೇ ಆಗ ನನ್ನ ಕೆಲಸ. ಆದರೆ ಡಾಂಬರು ರಸ್ತೆಗೆ ಬಂದು ಸ್ವಲ್ಪ ಜೋರು ಮಾಡಿದರೆ ಸಾಕು, ಗಾಡಿ ಕುಡಿದವನಂತೆ ಆ ಕಡೆ ಈ ಕಡೆ ಎಳೆಯುತ್ತಿತ್ತು. ಒಳಗೆ ಮಕ್ಕಳು ಮರಿ ಇರುತ್ತಿದ್ದರು. ಕೊನೆಗೆ ಸಂಶಯ ನುಂಗಿಕೊಂಡು ಗಾಡಿಯನ್ನು ಮಿಸ್ತ್ರಿಯ ಮುಂದೆ ತಂದು ನಿಲ್ಲಿಸಿದೆ.

ಮಿಸ್ತ್ರಿ ಗಾಡಿಯ ಕೆಳಗೆ ಹೋಗಿ ಬಹಳ ಹೊತ್ತು ಮಲಗಿದ್ದರು. ಹೊರಗೆ ಬಂದು ಕೇಳಿದರು.

"ಎತ್ತರ ಮಾಡಿದಾಂವ ಆರ್ಮ್ ಬದಲಿ ಮಾಡ್ಯಾನೇನ್ರಿ?"

"ಎಲ್ಲಾ ಮಾಡೀನಿ ಅಂದಾನ್ರಿ."

"ಹಂಗ ಅಂತೀರಿ," ಅಂದರು.

ಇದು ಅವರ ಮಾತು. ಯಾರು ಏನೇ ಹೇಳಲಿ, ಚಹಾದವನು ಹಾಲು ಈಗ ತಾನೇ ಕರೆದದ್ದು ಅಂದರೂ, ಪೂಜಾರಿ ನಾಳೆ ಅಮಾವಾಸ್ಯೆ ಅಂದರೂ, ಮಿಸ್ತ್ರಿಯ ಉತ್ತರ ಒಂದೇ. ಹೊಸ ಆಯಿಲ್ ಡಬ್ಬಿ ಒಡೆದು ಮೂಸುವರು, ಬೆರಳಲ್ಲಿ ತಿಕ್ಕುವರು. ಒಂದೇ ಪ್ರಶ್ನೆಯನ್ನು ಮೂರು ಸಲ ಮೂರು ಥರ ಕೇಳಿ ಉತ್ತರ ಹೊಂದುತ್ತದೋ ಇಲ್ಲವೋ ನೋಡುವರು. ನಾನೂ ಹುಟ್ಟಾ ಸಂಶಯದ ಪ್ರಾಣಿಯೇ, ಆದರೆ ಇವರ ಮುಂದೆ ನಾನು ಭೋಳೇಶಂಕರ.

ಆರ್ಮ್ ಅಂದರೆ ಗಾಲಿಗಳ ಅಚ್ಚನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು. ಗಾಡಿ ಎತ್ತರವಾದ ಮೇಲೆ ಹಳೆಯ ತೋಳು ಗಿಡ್ಡವಾಗಿ ಅಚ್ಚನ್ನು ತನ್ನ ಜಾಗದಿಂದ ಎಳೆದುಬಿಟ್ಟಿತ್ತು. ಉದ್ದ ಗಿಡ್ಡ ಮಾಡಲು ಬರುವ ತಿರುಪಿನ ಆರ್ಮುಗಳನ್ನು ಮಿಸ್ತ್ರಿ ಹೈದರಾಬಾದಿನಿಂದ ತರಿಸಿದರು. ಚಾಸಿಯಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಗುರುತು ಹಾಕಿದರು. ಎಡಕ್ಕೆ ಬಲಕ್ಕೆ ಸುತಳಿ ಹಿಡಿದು ಅಳೆದರು, ಮತ್ತೆ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದರು. ಎರಡು ದಿನ ಇದೇ ಆಯಿತು. ಕೊನೆಗೆ ಎಲ್ಲ ಬೋಲ್ಟುಗಳನ್ನು ಕೈಯಲ್ಲೇ ತಿರುವಿ, ಬಿಗಿಯುವ ಪಾನಾ ಮುಟ್ಟಿಸದೆ, ಗಾಡಿಯನ್ನು ಜಾಕಿನಿಂದ ಇಳಿಸಿಬಿಟ್ಟರು.

"ಬಿಗಿ ಮಾಡಂಗಿಲ್ಲೇನ್ರಿ?" ಅಂದೆ.

"ಜರಾ ತಡೀರಿ. ಗಾಲಿ ಜೋತಾಡುವಾಗ ಬಿಗಿದ್ರ ಒಳಗಿನ ರಬ್ಬರಿನ ಬುಷ್ ತಿರುಚಿಕೊಂಡು ಕೂಡ್ತದ. ಆಮ್ಯಾಲ ಹರೀತದ. ಗಾಡಿ ತನ್ನ ಭಾರ ಹೊತ್ತು ನೆಲದ ಮ್ಯಾಲ ನಿಂತಾಗ ಬಿಗೀಬೇಕು."

ಹಿಂದೆಲ್ಲ ಗಂಜಿನಿಂದ ತೊಗರಿ ಚೀಲ ತಂದು ಗಾಡಿಯಲ್ಲಿ ಭಾರಕ್ಕೆ ಇಡುತ್ತಿದ್ದರಂತೆ. ಆ ವರ್ಷ ಗಂಜಿಗೆ ತೊಗರಿಯೇ ಬಂದಿರಲಿಲ್ಲ. ಹಮಾಲರು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದರು. ಮಿಸ್ತ್ರಿ ಕೈಬೀಸಿ ಕರೆದದ್ದೇ ತಡ, ಹತ್ತು ಮಂದಿ ನಗುತ್ತಾ ಬಂದು ನನ್ನ ಜೀಪು ಹತ್ತಿ ಕೂತರು.

"ಕೂತರ ಏನ ಕೊಡ್ತೀರಿ ಮಿಸ್ತ್ರೀ?"

"ಚಾ ಕೊಡ್ತೇನಿ. ಅಲುಗಾಡಬ್ಯಾಡ್ರಿ."

ಮಿಸ್ತ್ರಿ ಕೆಳಗೆ ನುಸುಳಿ ಒಂದೊಂದೇ ಬೋಲ್ಟು ಬಿಗಿದರು. ಬಿಗಿದ ಮೇಲೆ ಜೇಬಿನಿಂದ ಉಗುರುಬಣ್ಣದ ಪುಟ್ಟ ಶೀಸೆ ತೆಗೆದು, ನಟ್ಟಿನ ಮೇಲಿಂದ ಆರ್ಮಿನ ಮೇಲೆ ಹಾಯುವಂತೆ ಒಂದು ಗೆರೆ ಎಳೆದರು. ಆಗ ನನಗೆ ಆ ಉಗುರಿನ ಗುಟ್ಟು ತಿಳಿಯಿತು. ನಟ್ಟು ಕೂದಲೆಳೆಯಷ್ಟು ಜರುಗಿದರೂ ಗೆರೆ ಒಡೆಯುತ್ತದೆ. ಪ್ರತಿ ವಾರ ಬಳೆ ಅಂಗಡಿಯಿಂದ ಬೇರೆ ಬಣ್ಣ ತಂದು ತಮ್ಮ ಉಗುರಿನ ಮೇಲೆ ಹಚ್ಚಿ ನೋಡುತ್ತಿದ್ದರು. ಬೇರೆ ಯಾಕೆ ಅಂದರೆ, ಒಂದೇ ಬಣ್ಣವಾದರೆ ಯಾರಾದರೂ ಬಿಚ್ಚಿ ತಾವೇ ಗೆರೆ ಎಳೆದಾರು ಅಂತ. ಅಬ್ಬಾ, ಎಂಥ ಸಂಶಯ!

"ಎಂಟು ದಿನ ಬಿಟ್ಟು ಬರ್ರಿ. ಗೆರಿ ನೋಡ್ತೇನಿ. ನಡುವ ಯಾರ ಕೈಯೂ ಹಚ್ಚಸಬ್ಯಾಡ್ರಿ," ಅಂದು ಕಳಿಸಿದರು.

ಗಾಡಿ ಬಾಣದಂತೆ ನೆಟ್ಟಗೆ ಓಡಿತು. ನಾನು ಖುಷಿಯಾಗಿರಬೇಕಿತ್ತು. ಆದರೆ ಭಾಲ್ಕಿ ಸ್ಟೇಷನ್ನಿನಲ್ಲಿ ಇನ್ನೊಬ್ಬ ಡ್ರೈವರನಿಗೆ ಹಮಾಲರನ್ನು ಕೂಡಿಸಿದ ಕಥೆ ಹೇಳಿದೆ, ಅವನು ಹೊಟ್ಟೆ ಹಿಡಿದು ನಕ್ಕ. "ಮಂದಿ ಕೂಡಿಸಿ ಬೋಲ್ಟ್ ಬಿಗಿಯೋದು ಎಲ್ಲಿ ಕೇಳೀಯೋ ಮಾರಾಯಾ? ಸಡಿಲ ಬಿಟ್ಟಾನ. ಮತ್ತ ಅವನ ಬಾಗಲಿಗೇ ಹೋಗಬೇಕು ನೋಡು, ಅದಕ್ಕ."

ಅಷ್ಟೇ ಸಾಕಾಯಿತು. ಹಿಂದಿನಿಂದ ಕಿರ್ ಕಿರ್ ಸದ್ದು ಬರುತ್ತಿದೆ ಅನಿಸಿತು. ಬಂದಿತ್ತೋ, ನನ್ನ ಕಿವಿಯೇ ಹುಟ್ಟಿಸಿತೋ, ಇವತ್ತಿಗೂ ಗೊತ್ತಿಲ್ಲ. ರಸ್ತೆ ಪಕ್ಕದ ಒಂದು ಅಂಗಡಿಗೆ ಹೋದೆ. ಅವನು ಹಿಂದಿನ ಗಾಲಿಗಳನ್ನು ಎತ್ತಿ, ಅವು ಜೋತಾಡುತ್ತಿರುವಾಗಲೇ ಹಿಂದಿನ ಎರಡು ಬೋಲ್ಟು ಸಡಿಲಿಸಿ, ಪಾನಾಕ್ಕೆ ಉದ್ದ ಪೈಪು ತೊಡಿಸಿ ಮತ್ತೆ ಬಿಗಿದ. ಮಿಸ್ತ್ರಿಯ ಗೆರೆ ಎರಡೂ ಕಡೆ ಒಡೆಯಿತು. ಮಿಸ್ತ್ರಿ ನೋಡಿದರೆ ಬೈಯುತ್ತಾರೆ ಅನ್ನುವ ಅಂಜಿಕೆಗೆ, ಥಿನ್ನರಿನಲ್ಲಿ ಅದ್ದಿದ ಚಿಂದಿಯಿಂದ ಆ ಎರಡು ಗೆರೆಗಳನ್ನು ನಾನೇ ತಿಕ್ಕಿ ಅಳಿಸಿದೆ. ಎಂಟು ದಿನವಾಯಿತು, ತಿಂಗಳಾಯಿತು, ನಾನು ಬೀದರಿಗೆ ಹೋಗಲೇ ಇಲ್ಲ.

ಆ ಬೇಸಿಗೆಯಲ್ಲಿ ನನ್ನ ಅಕ್ಕನ ಮನೆಯವರೂ ಪುಣೆಗೆ ಹೊರಟರು. ಅಕ್ಕ, ಭಾವ, ಮೂರು ಮಕ್ಕಳು, ಜೊತೆಗೆ ಅವರ ಓಣಿಯ ಆರು ಮಂದಿ. ಭಾಲ್ಕಿ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಒಮ್ಮೆಲೇ ಬಲಕ್ಕೆ ಜರುಗಿತು. ಸ್ಟೇರಿಂಗ್ ನನ್ನ ಮಾತು ಕೇಳಲಿಲ್ಲ. ರಸ್ತೆ ಬಿಟ್ಟು ಒಣ ಹೊಲಕ್ಕೆ ಇಳಿದು, ಬದುವಿಗೆ ಬಡಿದು ನಿಂತಿತು. ದೇವರು ದೊಡ್ಡವನು, ಯಾರ ಜೀವವೂ ಹೋಗಲಿಲ್ಲ. ಅಕ್ಕನ ಸಣ್ಣ ಮಗಳ ಗದ್ದ ಸೀಳಿ ರಕ್ತ ಸುರಿಯುತ್ತಿತ್ತು. ರೈಲು ತಪ್ಪಿತು.

ಮಿಸ್ತ್ರಿಗೆ ಫೋನು ಮಾಡಿದೆ, ಬೈಯಬೇಕೆಂದೇ ಮಾಡಿದೆ. ಅವರು ಸಿಕ್ಕ ಬಸ್ಸು ಹಿಡಿದು ಪಾನಾದ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಕೆಳಗೆ ಮಲಗಿ ಒಂದೊಂದೇ ಬೋಲ್ಟು ಮುಟ್ಟಿ ನೋಡಿದರು. ಆಮೇಲೆ ಒಳಗಿನಿಂದಲೇ ಕೇಳಿದರು.

"ಬುಷ್ ತಿರುಚಿ ಹರದದ. ಗಾಲಿ ಜೋತಾಡುವಾಗ ಬಿಗಿದದ್ದು ಇದು. ಯಾರರೆ ಕೈ ಹಚ್ಯಾರೇನ್ರಿ?"

"ಇಲ್ರಿ."

"ಮುಂದಿನ ನಾಲ್ಕೂ ಬೋಲ್ಟಿಗಿ ಗೆರಿ ಅವ. ಹಿಂದಿನ ಎರಡಕ್ಕ ಎಲ್ಲಿ ಹೋದವು?"

ಸುತ್ತ ಹನ್ನೊಂದು ಮಂದಿ ನನ್ನನ್ನೇ ನೋಡುತ್ತಿದ್ದರು. ಅಕ್ಕ ಮಗಳ ಗದ್ದಕ್ಕೆ ಸೆರಗು ಒತ್ತಿ ಹಿಡಿದಿದ್ದಳು. ಅವಳ ಮುಖ ನೋಡಿ ನನ್ನ ನಾಲಿಗೆ ತಾನೇ ಹೊರಳಿತು.

"ಆ ಎರಡಕ್ಕ ನೀವು ಗೆರಿ ಹಾಕೇ ಇರಲಿಲ್ರಿ."

ಹಂಗ ಅಂತೀರಿ ಅಂತ ಅಂದೇ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಹೊರಗೆ ಬಂದು ತಮ್ಮ ಎರಡೂ ಕೈ ನೋಡಿಕೊಂಡರು. ಭಾವ ಬಾಯಿಗೆ ಬಂದಂತೆ ಬೈದ, ಉಳಿದವರೂ ದನಿ ಕೂಡಿಸಿದರು. ಮಿಸ್ತ್ರಿ ಅಕ್ಕನ ಮುಂದೆ ಹೋಗಿ ನಿಂತು, "ತಪ್ಪಾತವ್ವಾ. ನನಗ ಮರವು ಬಂದು ಆ ಎರಡೂ ಜೋತಾಡುವಾಗ ಬಿಗಿದಿರಬೇಕು," ಅಂದರು. ಲೋಕದಲ್ಲಿ ಯಾರನ್ನೂ ನಂಬದ ಮನುಷ್ಯ ತಮ್ಮನ್ನು ಮಾತ್ರ ಯಾಕೆ ನಂಬಿಯಾರು? ನನ್ನ ಸುಳ್ಳು ಅಲ್ಲಿಗೆ ಹೋಗಿ ಕೂತಿತು.

ಅವತ್ತಿನಿಂದ ಅವರು ಸ್ಟೇರಿಂಗು, ಆರ್ಮು, ಬ್ರೇಕು ಯಾವುದನ್ನೂ ಮುಟ್ಟಲಿಲ್ಲ. ಆಯಿಲ್ ಬದಲಿಸುವುದು, ಗ್ರೀಸು ಹೊಡೆಯುವುದು, ಅಷ್ಟೇ. ಗಿರಾಕಿಗಳು ಬಂದರೆ, "ಮಂದಿ ಜೀವದ ಕೆಲಸ ಬ್ಯಾಡ್ರಿ. ನನ್ನ ಕೈ ಮ್ಯಾಲ ನನಗೇ ಭರೋಸಾ ಇಲ್ಲ," ಅನ್ನುತ್ತಿದ್ದರಂತೆ. ಗಂಜಿನ ಹಮಾಲನೊಬ್ಬ ನನಗಿದನ್ನು ಹೇಳಿದಾಗ ನಾನು ಚಹಾ ಮುಗಿಸಿ ದುಡ್ಡು ಕೊಟ್ಟು ಎದ್ದು ಬಂದೆ. ಅಕ್ಕನಿಗೆ ತಿಳಿದರೆ ಅನ್ನುವ ಹೆದರಿಕೆ. ಹೀಗೆ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥ ಹೇಡಿ ಯಾರಿದ್ದಾರೆ?

ಮಿಸ್ತ್ರಿ ಹಾಸಿಗೆ ಹಿಡಿದಿದ್ದಾರೆ ಅಂತ ಸುದ್ದಿ ಬಂದಾಗ ಬಸ್ಸು ಹತ್ತಿ ಬೀದರಿಗೆ ಹೋದೆ. ಕೈಕಾಲು ಸಣ್ಣಗಾಗಿದ್ದವು. ಹೆಬ್ಬೆರಳಿನ ಉಗುರಿಗೆ ಬಣ್ಣವಿರಲಿಲ್ಲ. ಅವರ ಹೆಂಡತಿ ನೀರು ಕೊಟ್ಟು ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅಂಗಡಿ, ಪೈಪು, ಥಿನ್ನರು, ಚಿಂದಿ, ಒಂದೂ ಬಿಡಲಿಲ್ಲ.

ಅವರು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು. "ಹಂಗ ಅಂತೀರಿ," ಅಂದರು.

"ಖರೇ ಹೇಳ್ಲಕತ್ತೀನ್ರಿ. ನಾನೇ ಅಳಿಸೀನಿ."

"ಯಾವ ಬಣ್ಣ ಅಳಿಸಿದ್ರಿ?"

ಬಣ್ಣ ನನಗೆ ಸರಿಯಾಗಿ ನೆನಪಿರಲಿಲ್ಲ. "ಕೆಂಪು," ಅಂದೆ.

ಮಿಸ್ತ್ರಿ ಮೆಲ್ಲಗೆ ನಕ್ಕರು. "ಗುಲಾಬಿರಿ. ಆ ವಾರ ಗುಲಾಬಿ ಇತ್ತು. ಅಳಿಸಿದ್ದು ಖರೆ ಇದ್ದರ ಬಣ್ಣ ನೆನಪಿರತಿತ್ತು ನಿಮಗ. ಮುದುಕಗ ಸಮಾಧಾನ ಮಾಡ್ಲಾಕ ಔರಾದದಿಂದ ಬಂದೀರಿ. ಭಾಳ ಒಳ್ಳೆವ್ರು ಅದೀರಿ ನೀವು."

ಎಷ್ಟು ಆಣೆ ಮಾಡಿದರೂ ನಂಬಲಿಲ್ಲ. ಒಳ್ಳೆಯವನು ಅನ್ನಿಸಿಕೊಂಡು ಹೊರಗೆ ಬಂದೆ. ಅದಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ನಿಂತಿದ್ದ ಜೀಪಿನ ಕೆಳಗೆ ಮಲಗಿ, ಮುಂದಿನ ಬೋಲ್ಟಿನ ಮೇಲಿನ ಕೆಸರನ್ನು ಉಗುರಿನಿಂದ ಕೆರೆದೆ. ಗುಲಾಬಿ. ಯಾರೂ ಮುಟ್ಟದ ನಾಲ್ಕೂ ಬೋಲ್ಟುಗಳ ಮೇಲೆ ಗುಲಾಬಿ ಗೆರೆ, ಎಲ್ಲೂ ಒಡೆದಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಬಣ್ಣ ನೆನಪಿದ್ದ ಮನುಷ್ಯನಿಗೆ ಅವತ್ತು ಮರೆವು ಎಲ್ಲಿಂದ ಬಂದೀತು? ಇದನ್ನೇ ಹೇಳಬೇಕಿತ್ತು. ಇದಕ್ಕೆ ಅವರಲ್ಲಿಯೂ ಉತ್ತರ ಇರುತ್ತಿರಲಿಲ್ಲ.

ಮೊದಲ ಬಸ್ಸಿಗೆ ಹೋದೆ. ಅವರ ಓಣಿಯಲ್ಲಿ ಮಂದಿ ಸೇರಿದ್ದರು. ರಾತ್ರಿ ತೀರಿಕೊಂಡಿದ್ದ ಮಿಸ್ತ್ರಿಯನ್ನು ಗೋಡೆಗೆ ಆನಿಸಿ ಕೂಡಿಸಿ, ಮೈತುಂಬಾ ವಿಭೂತಿ ಬಳಿದಿದ್ದರು. ಗಂಜಿನ ಹಮಾಲರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟುತ್ತಿದ್ದರು. ನಾನು ಅವರ ಹೆಂಡತಿಯ ಮುಂದೆ, ಆ ಎಲ್ಲರಿಗೂ ಕೇಳುವಂತೆ ಹೇಳಿದೆ. ಅಕ್ಕನಿಗೂ ಫೋನು ಮಾಡಿ ಹೇಳಿದೆ. ಆಕೆ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಮಿಸ್ತ್ರಿಯ ಕೈ ತಪ್ಪಿರಲಿಲ್ಲ. ಅವರು ಎಲ್ಲ ಬೋಲ್ಟಿಗೂ ಗೆರೆ ಎಳೆದಿದ್ದರು. ಅಳಿಸಿದವನು ನಾನು.