ಮಾಳಕ್ಕನನ್ನು ಹೊರಗೆ ನಿಲ್ಲಿಸಿದ ಗುರೂಜಿ

ಕಂಬಳಿಗೆ ಬಳಿಯುವ ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ, ನಾನು ತುರೋರಿಯ ನಮ್ಮ ಅಂಗಳದಲ್ಲಿ ನಿಂತುಬಿಡುತ್ತೇನೆ. ಹೆದ್ದಾರಿಗೆ ಹೋದ ಅದರ ಮೇಲೆ ಈಗ ಲಾರಿಗಳು ಓಡುತ್ತವೆ. ನಿಮಗೂ ಹೀಗೆ ಕಾಲಿಡಲಾಗದ ಅಂಗಳವೊಂದು ಇರಬಹುದು. ನಮ್ಮದರಲ್ಲಿ ಕುರಿಮರಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ನನ್ನ ಅಕ್ಕ ಮಾಳವ್ವ ಅರಿಶಿನ ಹಚ್ಚಿದ ಬಟ್ಟೆಗೆ ಸುಣ್ಣದ ನೀರು ಚಿಮುಕಿಸುತ್ತಿದ್ದಳು. ಹಳದಿ ಕೆಂಪಾಗುತ್ತಿತ್ತು, ಹುಣಸೆ ಹುಳಿ ಬಿದ್ದೊಡನೆ ಮತ್ತೆ ಹಳದಿ. "ಜಾದೂ ಅಲ್ಲ ಇದು. ಯಾಕ ಹಿಂಗಾಗ್ತದ ಗೊತ್ತೇನ?" ಎಂದು ಕೇಳುವಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಉಮರ್ಗಾದ ಮರಾಠಿ ಶಾಲೆಯ ಪ್ರಯೋಗಶಾಲೆಯಲ್ಲಿ ಸಿಗುತ್ತದೆಂದು ನಂಬಿದ್ದಳು.

ಆ ಬಟ್ಟೆಯ ತುಂಡು ಹಿಡಿದು ಅವಳು ವಿಜ್ಞಾನದ ಗುರೂಜಿಯ ಮುಂದೆ ನಿಂತ ದಿನ ನಾನು ಹಿಂದೆಯೇ ಇದ್ದೆ. ಅವರು ಮೂಗು ಮುಚ್ಚಿಕೊಂಡರು. "ಕುರಿ ವಾಸನಿ ಬರ್ತದ, ಬಾಹೇರ ನಿಂದ್ರು. ಮೊದಲ ನೆಟ್ಟಗ ಮರಾಠಿ ಕಲಿ, ಆಮ್ಯಾಲ ವಿಜ್ಞಾನ." ಒಳಗಿದ್ದ ಪೇಟೆಯ ಮಕ್ಕಳು ನಕ್ಕರು. ವರ್ಷವಿಡೀ ಪ್ರಯೋಗದ ತಾಸಿನಲ್ಲಿ ಅಕ್ಕ ಹೊರಗೇ ನಿಂತಳು. ಗಾಜಿನ ಸಾಮಾನು ತೊಳೆಯಲು ಮಾತ್ರ ಒಳಗೆ ಕರೆಯುತ್ತಿದ್ದರು. ಹತ್ತನೆಯದರಲ್ಲಿ ವಿಜ್ಞಾನದಲ್ಲೇ ನಪಾಸಾದಳು. ಜಳಕೋಟಿಗೆ ಕೊಟ್ಟು ಮದುವೆ ಮಾಡಿದರು. ಮೊದಲ ಹೆರಿಗೆಯಲ್ಲೇ ಹೋದಳು. ನಾನು ಸಿಟ್ಟಿನಿಂದಲೇ ಓದಿದೆ.

ಅದೇ ಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದೆ. ಭಾನುವಾರ ಕುರಿಗಾರರ ಹುಡುಗಿಯರಿಗೆ ಪ್ರಯೋಗಶಾಲೆ ತೆರೆದೆ. ಅವರು ಮನೆಯ ಅರಿಶಿನ, ಸುಣ್ಣ ತಂದು ಕನ್ನಡದಲ್ಲೇ ಪ್ರಶ್ನೆ ಕೇಳುತ್ತಾರೆ. ಹೋದ ವರ್ಷ ಆ ಕೋಣೆಯನ್ನು ಹೊಸದಾಗಿ ಕಟ್ಟಿಸಿದಾಗ, ಅದಕ್ಕೆ ನಿವೃತ್ತರಾಗಿದ್ದ ಅದೇ ಗುರೂಜಿಯ ಹೆಸರಿಡಲು ಆಡಳಿತದವರು ಹೊರಟರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲು ನನಗೆ ಹೇಳಿದರು. ಒಪ್ಪಿಕೊಂಡೆ. ಸಮಾರಂಭದಲ್ಲಿ ಅವರ ಹೆಂಡತಿ, ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮಾಳಕ್ಕನ ಕಥೆಯನ್ನು ಏನೂ ಬಿಡದೆ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿದೆ.

"ನನಗ ಇದ್ಯಾವುದೂ ನೆನಪಿಲ್ಲವ್ವಾ," ಎಂದರು ಗುರೂಜಿ.

"ನನಗ ಅದ ರೀ," ಎಂದೆ.

ಅವರ ಮೊಮ್ಮಗಳು ತಲೆ ತಗ್ಗಿಸಿದ್ದನ್ನು ಕಂಡೆ. ಆದರೂ ಕನಿಕರ ಬರಲಿಲ್ಲ. ಅವರ ಹೆಸರಿನ ಹಲಗೆ ಗೋಡೆ ಏರಲಿಲ್ಲ.

ಆ ಸಂಜೆ ಬಾಡಿಗೆ ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. "ಮಂದಿ ಮುಂದ ಆಕಿ ಹೆಸರ ತಗೊಂಡ್ಯೇನ?" ಎಂದಳು.

"ತಗೊಂಡೆ."

ಅವ್ವ ಗೋಡೆಗೊರಗಿ ಕಣ್ಣು ಮುಚ್ಚಿದಳು. "ಮತ್ತೊಮ್ಮೆ ಹೇಳ, ಮೊದಲಿಂದ," ಎಂದಳು.